ಹಾಸಿಗೆಯ ಪಕ್ಕದಲ್ಲಿ ನಗಬಹುದೇ?

(ಒಳರೋಗಿಗಳು ಹಾಗೂ ಅವರ ಆರೈಕೆಗೆ ಬಂದ ಬಂಧುಗಳಿಗಾಗಿ ವೈದ್ಯರೊಬ್ಬರು ನೀಡಿದ ಉಪನ್ಯಾಸ)



ಗುಣವಾಗಲೆಂದು ಇಲ್ಲಿಗೆ ಬಂದಿರುವ ಬಂಧುಗಳೇ, ಮನೆ, ಹೊಲ, ಕೆಲಸ ಬಿಟ್ಟು ಅವರ ಆರೈಕೆಗೆ ನಿಂತಿರುವ ತಾಯಂದಿರೇ, ಅಣ್ಣ ತಮ್ಮಂದಿರೇ,

ಇವತ್ತು ನಾನು ಯಾವ ರೋಗದ ಬಗ್ಗೆಯೂ ಹೇಳಲು ಬಂದಿಲ್ಲ. ನಗುವಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. "ನಮ್ಮ ಸಂಕಟ ನಮಗೆ, ಈ ಡಾಕ್ಟರಿಗೆ ನಗುವಿನ ಮಾತು" ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅನಿಸಿದರೆ ತಪ್ಪಿಲ್ಲ. ಮೊದಲು ನನಗೂ ಹಾಗೆಯೇ ಅನಿಸುತ್ತಿತ್ತು. ಆ ನನ್ನ ತಪ್ಪು ತಿಳುವಳಿಕೆಯನ್ನು ತಿದ್ದಿದವರು ಒಬ್ಬ ಅಜ್ಜ ಮತ್ತು ಅವರ ಪುಟ್ಟ ಮೊಮ್ಮಗಳು.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಹೊಲದ ಬದುವಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಅಜ್ಜ ವಾರ್ಡಿನಲ್ಲಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೂ ಅಜ್ಜ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಕಾಲು ಆಡಿಸಿ ಎಂದರೆ ಆಡಿಸುತ್ತಿರಲಿಲ್ಲ. ಹೆಂಡತಿ, ಮಗ, ಸೊಸೆ ಮೂವರೂ ಮಂಚದ ಸುತ್ತ ತಲೆ ಬಗ್ಗಿಸಿ ಕುಳಿತಿರುತ್ತಿದ್ದರು. ಒಂದು ದಿನ ಅಜ್ಜ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: "ಸಾಹೇಬ್ರ, ಖರೆ ಹೇಳ್ರಿ. ಇವರಿಗೆ ನೀವು ಏನರೆ ಬ್ಯಾರೆ ಹೇಳೀರೇನು? ನಾ ಉಳಿಯಂಗಿಲ್ಲೇನು?" ನಾನು "ಹಾಗೇನಿಲ್ಲ ಅಜ್ಜಾ, ನಿಮಗೆ ಗುಣವಾಗುತ್ತದೆ" ಎಂದೆ. ಅವರು ನಂಬಲಿಲ್ಲ. ನನ್ನ ಮಾತಿಗಿಂತ ಮನೆಯವರ ಮುಖಗಳೇ ಅವರಿಗೆ ಹೆಚ್ಚು ಹೇಳುತ್ತಿದ್ದವು.

ಮರುದಿನ ಸಂಜೆ ಆ ವಾರ್ಡಿನಿಂದ ಜೋರಾದ ನಗು ಕೇಳಿಸಿತು. ಇದೇನು ಆಸ್ಪತ್ರೆಯೋ ಸಂತೆಯೋ ಎಂದು ಗದರಿಸಲು ಹೋದೆ. ಊರಿನಿಂದ ಮೊಮ್ಮಗಳು ಬಂದಿದ್ದಳು. "ಮುತ್ಯಾ, ನೀ ಇಲ್ಲ ಅಂತ ನಮ್ಮ ಎಮ್ಮಿ ಹಾಲು ಕೊಡವಲ್ದು. ಅದಕ್ಕ ಅಪ್ಪ ನಿನ್ನ ಅಂಗಿ ಹಾಕ್ಕೊಂಡು, ನಿನ್ನ ರುಮಾಲು ಸುತ್ತಿಕೊಂಡು, ನಿನ್ನಂಗ ಕೆಮ್ಮಕೋತ ಹಾಲು ಹಿಂಡಾಕ ಹೋಗಿದ್ದ. ಎಮ್ಮಿ ತಿರುಗಿ ಒಮ್ಮೆ ಮೂಸಿ ನೋಡ್ತು. ಆಮ್ಯಾಲೆ ಬಕೀಟು ಸುದ್ದಾ ಒದ್ದು ಬಿಡ್ತು!" ಎನ್ನುತ್ತಿದ್ದಳು. ಅಜ್ಜ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. "ಮನ್ಯಾಗ ಎಮ್ಮಿಗರೆ ನನ್ನ ಗುರ್ತು ಐತಿ ಬಿಡು" ಎಂದರು. ಮಗ ನಾಚಿಕೊಂಡು ನಕ್ಕ. ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕರು. ಗದರಿಸಲು ಹೋದ ನಾನು ಸುಮ್ಮನೆ ಹಿಂದಿರುಗಿದೆ. ಆ ರಾತ್ರಿ ಅಜ್ಜ ಕೇಳಿ ಜೋಳದ ರೊಟ್ಟಿ ತರಿಸಿಕೊಂಡರು. ಮರುದಿನ ಕಾಲು ಆಡಿಸಿದರು. ಎಮ್ಮೆ ಕಾಯುತ್ತಿದೆಯಲ್ಲ!

ನಗುವಿನಿಂದ ಮೂಳೆ ಕೂಡಿತು ಎಂದು ನಾನು ಹೇಳುತ್ತಿಲ್ಲ. ಮೂಳೆಗೆ ಆಪರೇಷನ್ ಬೇಕಾಯಿತು, ಕಾಲ ಬೇಕಾಯಿತು. ಆದರೆ ತಾನು ಸಾಯುವವನಲ್ಲ, ಮನೆಗೆ ಹೋಗುವವನು ಎಂಬ ನಂಬಿಕೆಯನ್ನು ಅವರಿಗೆ ತಂದುಕೊಟ್ಟಿದ್ದು ಆ ಸಂಜೆಯ ನಗು.

ನಗುವಾಗ ನಮ್ಮ ಶರೀರದಲ್ಲಿ ಏನಾಗುತ್ತದೆ? ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಮತ್ತೆ ಮತ್ತೆ ಕುಗ್ಗುತ್ತದೆ. ಉಸಿರು ತುಂಡು ತುಂಡಾಗಿ ಹೊರಬರುತ್ತದೆ. ಆಮೇಲೆ ನಾವು ತಾನಾಗಿಯೇ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತೇವೆ. ಹೃದಯದ ಬಡಿತ ಸ್ವಲ್ಪ ಹೊತ್ತು ಏರಿ ಮತ್ತೆ ಇಳಿಯುತ್ತದೆ. ಬಿಗಿದುಕೊಂಡಿದ್ದ ಭುಜ, ಕುತ್ತಿಗೆ ಸಡಿಲವಾಗುತ್ತವೆ. 2005ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು 20 ಜನ ಆರೋಗ್ಯವಂತರಿಗೆ ನಗೆಯ ಸಿನಿಮಾ ಮತ್ತು ಮನಸ್ಸನ್ನು ಕಲಕುವ ಯುದ್ಧದ ಸಿನಿಮಾದ ತುಣುಕುಗಳನ್ನು ತೋರಿಸಿ ಪರೀಕ್ಷಿಸಿದರು. ನಗೆಯ ದೃಶ್ಯ ನೋಡಿದಾಗ 19 ಜನರ ರಕ್ತನಾಳಗಳು ಚೆನ್ನಾಗಿ ಹಿಗ್ಗಿದವು. ಯುದ್ಧದ ದೃಶ್ಯ ನೋಡಿದಾಗ 14 ಜನರಲ್ಲಿ ರಕ್ತದ ಹರಿವು ತಗ್ಗಿತು. ಇದು ಸಣ್ಣ ಪರೀಕ್ಷೆ. ಆದರೂ ಮನಸ್ಸಿಗೂ ರಕ್ತನಾಳಕ್ಕೂ ನಂಟಿದೆ ಎಂಬುದನ್ನು ತೋರಿಸುತ್ತದೆ. ಇತರರ ಜೊತೆ ಕೂಡಿ ಮನಸಾರೆ ನಕ್ಕವರು ನೋವನ್ನು ಹೆಚ್ಚು ಹೊತ್ತು ತಾಳಿಕೊಳ್ಳಬಲ್ಲರು ಎಂದು 2011ರಲ್ಲಿ ಇಂಗ್ಲೆಂಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಕಂಡುಕೊಂಡರು.

ನಾರ್ಮನ್ ಕಸಿನ್ಸ್ ಎಂಬ ಅಮೆರಿಕದ ಪತ್ರಕರ್ತರು 1964ರಲ್ಲಿ ಕೀಲು, ಬೆನ್ನುಮೂಳೆಯ ತೀವ್ರ ನೋವಿನಿಂದ ಹಾಸಿಗೆ ಹಿಡಿದರು. ನಗೆಯ ಸಿನಿಮಾ ತರಿಸಿ ನೋಡತೊಡಗಿದರು. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ರೆ ಬರುತ್ತಿತ್ತು ಎಂದು ಅವರು ಬರೆದಿದ್ದಾರೆ. ಇದು ಒಬ್ಬರ ಅನುಭವ. ಅವರೂ ವೈದ್ಯರ ಕೈ ಬಿಟ್ಟಿರಲಿಲ್ಲ ಎಂಬುದನ್ನು ಮರೆಯಬೇಡಿ. ಬಿ.ಪಿ. ಮಾತ್ರೆಗೆ, ಇನ್ಸುಲಿನ್‌ಗೆ ಬದಲಾಗಿ ನಗು ಅಲ್ಲ. ಔಷಧಿಯ ಜೊತೆಗೆ ನಗು.

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ನಾಡಿನಲ್ಲಿಯೇ ಡಾ. ಎಂ. ಶಿವರಾಂ ಎಂಬ ವೈದ್ಯರಿದ್ದರು. 'ರಾಶಿ' ಎಂಬುದು ಅವರ ಕಾವ್ಯನಾಮ. ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆ ಆರಂಭಿಸಿ 25 ವರ್ಷ ನಡೆಸಿದರು. ಮನಸ್ಸಿನ ಕಾಯಿಲೆಗಳನ್ನು ಕುರಿತು ಅವರು ಬರೆದ 'ಮನಮಂಥನ' ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜನರ ನೋವನ್ನು ಹತ್ತಿರದಿಂದ ಕಂಡ ವೈದ್ಯರೇ ನಗುವನ್ನೂ ಹಂಚಿದರು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ಜನರ ನಗುವನ್ನು ಹಲವು ವರ್ಷ ಅಭ್ಯಾಸ ಮಾಡಿದರು. ಒಬ್ಬರೇ ಇರುವಾಗ ನಗುವುದಕ್ಕಿಂತ ನಾಲ್ವರ ಜೊತೆಗಿರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂದು ಅವರು ಕಂಡರು. ಅಂದರೆ ಮಂಚದ ಮೇಲೆ ಒಬ್ಬರೇ ಮಲಗಿದವರಿಗೆ "ನಗುನಗುತ್ತಾ ಇರಿ" ಎಂದು ಉಪದೇಶ ಮಾಡಿದರೆ ನಗು ಬರುವುದಿಲ್ಲ. ಅದನ್ನು ಯಾರಾದರೂ ತಂದುಕೊಡಬೇಕು. ಗಂಜಿ ತಂದುಕೊಟ್ಟಂತೆ, ಬಿಸಿನೀರು ತಂದುಕೊಟ್ಟಂತೆ. ಆದ್ದರಿಂದ ಈ ಮಾತು ರೋಗಿಗಳಿಗಿಂತ ಹೆಚ್ಚಾಗಿ ನಿಮಗೆ, ಆರೈಕೆಗೆ ಬಂದವರಿಗೆ.

ನಿಮ್ಮಲ್ಲಿ ಅನೇಕರಿಗೆ ಒಂದು ಅಳುಕು. ಮಾವ ಮಲಗಿರುವಾಗ ಸೊಸೆ ನಕ್ಕರೆ ಜನ ಏನೆಂದಾರು? ನಗುವ ಹೆಂಗಸನ್ನು ನಂಬಬಾರದು ಎಂದು ನಮ್ಮಲ್ಲಿ ಗಾದೆಯನ್ನೇ ಮಾಡಿಟ್ಟಿದ್ದಾರೆ. ಆ ಗಾದೆಯನ್ನು ಆಸ್ಪತ್ರೆಯ ಬಾಗಿಲ ಹೊರಗೇ ಬಿಟ್ಟು ಬನ್ನಿ. ಹಗಲೂ ರಾತ್ರಿ ನೆಲದ ಮೇಲೆ ಮಲಗಿ ಸೇವೆ ಮಾಡುವ ತಾಯಿ ಐದು ನಿಮಿಷ ನಕ್ಕರೆ ಅವಳ ಪ್ರೀತಿ ಕಡಿಮೆಯಾಗುವುದಿಲ್ಲ. ನಾಳೆ ಸೇವೆ ಮಾಡಲು ಅವಳಿಗೇ ಬಲ ಬರುತ್ತದೆ.

ಹೇಗೆ ನಗಿಸುವುದು? ಜೋಕು ಬಾಯಿಪಾಠ ಮಾಡಬೇಕಾಗಿಲ್ಲ. ಮನೆಯ ಸುದ್ದಿ ಹೇಳಿ. ಹಾಲು ಉಕ್ಕಿದ್ದು, ಬಸ್ಸು ತಪ್ಪಿದ್ದು, ಮಗು ಅಕ್ಷರ ತಪ್ಪಿ ಓದಿದ್ದು ಎಲ್ಲವೂ ಸಾಮಗ್ರಿಯೇ. ನಿಮ್ಮ ಪೆದ್ದುತನವನ್ನೇ ಮೊದಲು ಹೇಳಿ. ತನ್ನನ್ನು ನೋಡಿ ತಾನೇ ನಗುವವರ ಜೊತೆ ಎಲ್ಲರೂ ಧೈರ್ಯವಾಗಿ ನಗುತ್ತಾರೆ. ಓದು ಬಲ್ಲವರು ಬೀಚಿಯವರ ಪುಸ್ತಕದ ಎರಡು ಪುಟ ಗಟ್ಟಿಯಾಗಿ ಓದಿ ಹೇಳಿ. ಮೊಬೈಲಿನಲ್ಲಿ ನರಸಿಂಹರಾಜು, ಬಾಲಕೃಷ್ಣ ಅವರ ಹಳೆಯ ದೃಶ್ಯ ಹಾಕಿ ಇಬ್ಬರೂ ಕೂಡಿ ನೋಡಿ. ಮನೆಗೆ ಹೋದ ಮೇಲೂ ರಾತ್ರಿ ಊಟದ ಹೊತ್ತಿಗೆ ಟಿ.ವಿ. ಆರಿಸಿ, ಒಬ್ಬೊಬ್ಬರು ಆ ದಿನದ ಒಂದೊಂದು ತಮಾಷೆ ಹೇಳುವ ರೂಢಿ ಮಾಡಿಕೊಳ್ಳಿ. ಹತ್ತಿರ ನಗೆಕೂಟವಿದ್ದರೆ ಸೇರಬಹುದು. 1995ರಲ್ಲಿ ಮುಂಬಯಿಯ ಉದ್ಯಾನವೊಂದರಲ್ಲಿ ಡಾ. ಮದನ್ ಕಟಾರಿಯಾ ಐದು ಜನರೊಂದಿಗೆ ಆರಂಭಿಸಿದ ಈ ಪದ್ಧತಿ ಇಂದು ಹಲವು ದೇಶಗಳಿಗೆ ಹರಡಿದೆ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಹೊಟ್ಟೆಯ ಆಪರೇಷನ್ ಆದವರು, ಸಿಸೇರಿಯನ್ ಆದ ಬಾಣಂತಿಯರು ನಗು ಬಂದಾಗ ದಿಂಬನ್ನು ಹೊಲಿಗೆಯ ಮೇಲೆ ಮೆತ್ತಗೆ ಒತ್ತಿ ಹಿಡಿದುಕೊಳ್ಳಿ. ಹರ್ನಿಯಾ ಇದ್ದವರು, ಪಕ್ಕೆಲುಬು ಮುರಿದವರು ಜೋರಾಗಿ ನಗುವ ವ್ಯಾಯಾಮ ಮಾಡಬೇಡಿ. ಆಸ್ತಮಾ ಇದ್ದವರಿಗೆ ನಕ್ಕಾಗ ಕೆಮ್ಮು, ಉಬ್ಬಸ ಬಂದರೆ ನಮಗೆ ತಿಳಿಸಿ. ಪಕ್ಕದ ಮಂಚದಲ್ಲಿ ಕಷ್ಟದಲ್ಲಿರುವವರಿದ್ದರೆ ದನಿ ತಗ್ಗಿಸಿ. ರೋಗಿಯ ಜೊತೆ ನಗುವುದು ಬೇರೆ, ರೋಗಿಯನ್ನು ನೋಡಿ ನಗುವುದು ಬೇರೆ. ಹಾಸಿಗೆ ಒದ್ದೆಯಾಗಿದ್ದಕ್ಕೆ, ಮಾತು ತೊದಲಿದ್ದಕ್ಕೆ, ಕಿವಿ ಕೇಳದ್ದಕ್ಕೆ ಎಂದೂ ನಗಬೇಡಿ. ಅವರು ಅಳಬೇಕೆಂದರೆ ಅಳಲು ಬಿಡಿ. ಆಗ ನಗಿಸಲು ಹೋಗದೆ ಕೈ ಹಿಡಿದು ಕುಳಿತರೆ ಸಾಕು.

ಇನ್ನೊಂದು ಮಾತು. ಎರಡು ವಾರದಿಂದ ಯಾವುದರಲ್ಲೂ ಸಂತೋಷವಿಲ್ಲ, ನಿದ್ರೆಯಿಲ್ಲ, ಬದುಕೇ ಬೇಡ ಎನ್ನುತ್ತಾರೆ ಎಂದಾದರೆ ಅದಕ್ಕೆ ತಮಾಷೆ ಮದ್ದಲ್ಲ. ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ. ಸಂಕೋಚಪಡದೆ ವೈದ್ಯರಿಗೆ ಹೇಳಿ. ಸಾಯುವ ಮಾತಾಡಿದರೆ ಎರಡು ವಾರ ಕಾಯಬೇಡಿ, ಅಂದೇ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು.

ಬಂಧುಗಳೇ, ಇಂದು ಸಂಜೆ ಊಟದ ಬುತ್ತಿ ತರುವಾಗ ಅದರ ಜೊತೆ ಮನೆಯ ಒಂದು ನಗುವಿನ ಸುದ್ದಿಯನ್ನೂ ಕಟ್ಟಿಕೊಂಡು ಬನ್ನಿ. ಮಲಗಿರುವವರು ನಿಮ್ಮ ಮುಖವನ್ನು ನೋಡುತ್ತಿರುತ್ತಾರೆ. ಮನೆ ತಮಗಾಗಿ ಕಾಯುತ್ತಿದೆ ಎಂಬುದು ಅವರಿಗೆ ಅಲ್ಲಿ ಕಾಣಲಿ. ನೀವೆಲ್ಲರೂ ಬೇಗ ಗುಣವಾಗಿ ಮನೆ ಸೇರಿ ಎಂದು ಹಾರೈಸುತ್ತೇನೆ.