ಊರು ಯಾರಿಂದ ಊರಾಗುತ್ತದೆ: ಯೂರೋಪಿನ ಮೂರು ಕಡೆ ಕಂಡ ಮಾತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಯೂರೋಪಿಗೆ ಹೋಗಿ ಬಂದಿದ್ದೀರಂತೆ, ಅದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಎಂದರು. ಊಟದ ಹೊತ್ತು ಹತ್ತಿರವಾಗಿದೆ, ಪಾಯಸದ ಪರಿಮಳ ಇಲ್ಲಿಯವರೆಗೂ ಬರುತ್ತಿದೆ. ಹಾಗಾಗಿ ಸಮಯ ಮೀರುವುದಿಲ್ಲ. ನಾನು ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ನಿವೃತ್ತಿಯ ನಂತರ, ಕೂಡಿಟ್ಟ ಹಣದಲ್ಲಿ ನಾನೂ ನಮ್ಮ ಯಜಮಾನರೂ ಮೂರು ವಾರ ತಿರುಗಿ ಬಂದೆವು. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡೇ ಹೋಗಿದ್ದೆವು ಅನ್ನಿ.

ಹತ್ತು ದಿನಕ್ಕೆ ಹತ್ತು ಊರು ತೋರಿಸುವ ಪ್ಯಾಕೇಜ್ ಟೂರು ನಮಗೆ ಬೇಡವಾಗಿತ್ತು. ಒಂದು ದ್ವೀಪ, ಒಂದು ನಗರ, ಒಂದು ಬೆಟ್ಟದ ಹಳ್ಳಿ, ಮೂರೇ ಸಾಕು, ಒಂದೊಂದರಲ್ಲೂ ಒಂದು ವಾರ ಇರೋಣ ಎಂದು ನಿರ್ಧರಿಸಿದೆವು. ಮಾಲ್ಟಾ, ಇಟಲಿಯ ವೆನಿಸ್, ಸ್ವಿಟ್ಜರ್ಲೆಂಡಿನ ಎಂಗದೀನ್ ಕಣಿವೆ. ಮೂರೂ ಷೆಂಗೆನ್ ವಲಯದಲ್ಲಿರುವುದರಿಂದ ಒಂದೇ ವೀಸಾ ಸಾಕಾಯಿತು. ಹೋಗುವಾಗ ಮನಸ್ಸಿನಲ್ಲಿ ಒಂದು ಪ್ರಶ್ನೆ ಇತ್ತು: ಒಂದು ಊರು ಊರಾಗಿ ಉಳಿಯುವುದು ಯಾವುದರಿಂದ? ಇದನ್ನು ಇಲ್ಲಿ ಯಾಕೆ ಹೇಳುತ್ತೇನೆ ಎಂಬುದು ಕೊನೆಗೆ ತಿಳಿಯುತ್ತದೆ.

ಮೊದಲು ದ್ವೀಪ. ಮಾಲ್ಟಾ ಸಿಸಿಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇದೆ. ದೇಶದ ಎಲ್ಲ ದ್ವೀಪಗಳನ್ನು ಸೇರಿಸಿದರೂ ವಿಸ್ತೀರ್ಣ 316 ಚದರ ಕಿಲೋಮೀಟರ್. ನಮ್ಮ ಎಷ್ಟೋ ತಾಲ್ಲೂಕುಗಳಿಗಿಂತ ಚಿಕ್ಕದು. ಜನಸಂಖ್ಯೆ ಐದು ಲಕ್ಷದ ಮೇಲೆ. ಬ್ರಿಟಿಷರು ಆಳಿದ ನೆಲವಾದ್ದರಿಂದ ಅಲ್ಲಿಯೂ ವಾಹನಗಳು ರಸ್ತೆಯ ಎಡಕ್ಕೇ ಓಡುತ್ತವೆ. ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಆದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಇಬ್ಬರು ಹೆಂಗಸರು ಮಾತಾಡಿಕೊಳ್ಳುವುದು ಬೇರೆಯೇ ಭಾಷೆಯಲ್ಲಿ, ಮಾಲ್ಟಿ ಭಾಷೆಯಲ್ಲಿ.

ಈ ಭಾಷೆಯ ಕತೆ ಸ್ವಾರಸ್ಯವಾದದ್ದು. ಇದರ ಬೇರು ಅರಬ್ಬಿ. ನೀರಿಗೆ 'ಇಲ್ಮಾ', ಕೈಗೆ 'ಇದ್', ಮನೆಗೆ 'ದಾರ್', ರೊಟ್ಟಿಗೆ 'ಹೊಬ್ಸ್' ಎನ್ನುತ್ತಾರೆ. ಗಲ್ಫ್ ದೇಶಗಳಲ್ಲಿ ದುಡಿದು ಬಂದ ನಮ್ಮೂರ ಹುಡುಗರು ಇಲ್ಲಿ ಕುಳಿತಿದ್ದಾರೆ. ಅವರು 'ಖುಬ್ಸ್' ತಿಂದೇ ಬಂದವರು, ಅವರಿಗೆ ಈ ಶಬ್ದದ ಗುರುತು ತಟ್ಟನೆ ಸಿಕ್ಕೀತು. ಇನ್ನು ಶಾಲೆಗೆ 'ಸ್ಕೋಲಾ', ಧನ್ಯವಾದಕ್ಕೆ 'ಗ್ರಾತ್ಸಿ'. ಇವು ಇಟಲಿ ಕಡೆಯಿಂದ ಬಂದವು. ಬರೆಯುವುದು ರೋಮನ್ ಲಿಪಿಯಲ್ಲಿ. ಅಲ್ಲಿನ ಬಹುಪಾಲು ಜನ ಕ್ಯಾಥೊಲಿಕರು. ಚರ್ಚಿನಲ್ಲಿ ಮಂಡಿಯೂರಿ ದೇವರನ್ನು ಕರೆಯುವ ಅವರ ಶಬ್ದ 'ಅಲ್ಲಾ'. ಅದನ್ನು ಮೊದಲ ಸಲ ಕೇಳಿದಾಗ, ಭಾಷೆಯನ್ನೂ ಧರ್ಮವನ್ನೂ ಗಂಟುಹಾಕಿ ಜಗಳವಾಡುವ ನಾವೆಲ್ಲ ಒಮ್ಮೆ ಇಲ್ಲಿಗೆ ಬಂದು ಕುಳಿತು ಹೋಗಬೇಕು ಅನ್ನಿಸಿತು.

ನೂರಾರು ವರ್ಷ ಆ ಭಾಷೆ ಅಡುಗೆಮನೆಯದು, ಹೊಲದ್ದು, ದೋಣಿಯದ್ದು ಆಗಿತ್ತು. ಕೋರ್ಟು ಕಚೇರಿ ಮತ್ತು ಓದಿದವರ ಭಾಷೆ ಇಟಾಲಿಯನ್. ಆಮೇಲೆ ಇಂಗ್ಲಿಷೂ ಬಂತು. ಮಿಕಿಯೆಲ್ ಅಂತೋನ್ ವಸ್ಸಾಲಿ ಎಂಬ ವಿದ್ವಾಂಸ 1796ರಲ್ಲೇ ಮಾಲ್ಟಿ ನಿಘಂಟು ಪ್ರಕಟಿಸಿದ್ದ. ಆದರೆ ಅದು ಅಧಿಕೃತ ಭಾಷೆಯಾದದ್ದು 1934ರಲ್ಲಿ. 2004ರಲ್ಲಿ ಮಾಲ್ಟಾ ಯೂರೋಪಿಯನ್ ಒಕ್ಕೂಟ ಸೇರಿತು. ಅಂದಿನಿಂದ ಈ ಐದು ಲಕ್ಷ ಜನರ ಮಾತು, ಜರ್ಮನ್ ಫ್ರೆಂಚ್ ಭಾಷೆಗಳ ಸಾಲಿನಲ್ಲಿ ಒಕ್ಕೂಟದ ಒಂದು ಅಧಿಕೃತ ಭಾಷೆ. ದೊಡ್ಡವರು ಬಂದು ಉಳಿಸಿಕೊಟ್ಟದ್ದಲ್ಲ ಇದು. ತಾಯಂದಿರು ಮನೆಯಲ್ಲಿ ಆಡುವುದನ್ನು ಬಿಡಲಿಲ್ಲ, ಆದ್ದರಿಂದ ಕಚೇರಿಯವರೆಗೆ ತಲುಪಿತು.

ಮಾಲ್ಟಾದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಗೋಜೊ ದ್ವೀಪದ ಜಿಗಂತಿಯಾ ಕಲ್ಲಿನ ಗುಡಿಗಳು ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವು. ರಾಜಧಾನಿ ವಲೆಟ್ಟಾದ ಸಂತ ಜಾನ್ ಚರ್ಚಿನಲ್ಲಿ 1608ರಲ್ಲಿ ಕರವಾಜಿಯೊ ಬರೆದ ದೊಡ್ಡ ಚಿತ್ರವಿದೆ. ಮಾರ್ಸಶ್ಲೊಕ್ ಬಂದರಿನ ಮೀನುದೋಣಿಗಳ ಮೂತಿಯ ಮೇಲೆ ಎರಡು ಕಣ್ಣು ಬರೆದಿರುತ್ತಾರೆ, ಕೇಡು ತಾಕದಿರಲಿ ಎಂದು. ದೃಷ್ಟಿಬೊಟ್ಟು ಇಡುವ ನಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾಲ್ ಸಫ್ಲಿಯೇನಿಯ ನೆಲದಡಿಯ ಸಮಾಧಿ ಮಂದಿರ. ನೆಲದ ಕೆಳಗೆ ಬಂಡೆ ಕೊರೆದು ಮಾಡಿದ ಕೋಣೆಗಳು, ಛಾವಣಿಯಲ್ಲಿ ಕೆಮ್ಮಣ್ಣಿನ ಚಿತ್ತಾರ. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗೆಂದು ಅಗೆಯುವಾಗ ಸಿಕ್ಕಿದ್ದು. ಜನರ ಉಸಿರಿನ ತೇವಕ್ಕೆ ಆ ಬಣ್ಣ ಕೆಡುತ್ತದೆ. ಅದಕ್ಕಾಗಿ ಗಂಟೆಗೆ 10 ಜನ, ದಿನಕ್ಕೆ 80 ಜನ, ಅಷ್ಟೇ. ಎಷ್ಟು ದುಡ್ಡಿದ್ದರೂ ಎಂಬತ್ತೊಂದನೆಯವರು ಮರುದಿನ ಬರಬೇಕು. ಬಹಳ ದಿನ ಮೊದಲೇ ಟಿಕೆಟ್ ಕಾಯ್ದಿರಿಸಬೇಕು. ಬಂದವರ ಆಸೆಗಿಂತ ಜಾಗದ ಆಯುಷ್ಯ ದೊಡ್ಡದು ಎಂದು ಒಂದು ಚಿಕ್ಕ ದೇಶ ಗಟ್ಟಿಯಾಗಿ ಹೇಳುತ್ತಿದೆ.

ಎರಡನೆಯದು ನಗರ, ವೆನಿಸ್. ಚಿತ್ರಪಟದಲ್ಲಿ ಎಲ್ಲರೂ ಕಂಡಿರುತ್ತೀರಿ. ಕೆಸರಿನಲ್ಲಿ ಮರದ ಕಂಬಗಳನ್ನು ಹುಗಿದು, ಅವುಗಳ ಮೇಲೆ ಕಲ್ಲು ಹಾಸಿ ಕಟ್ಟಿದ ನಗರ. ಕಾರಿಲ್ಲ, ಬೈಕಿಲ್ಲ. ನಡೆಯಬೇಕು, ಇಲ್ಲವೇ ದೋಣಿ ಹತ್ತಬೇಕು. ನಮ್ಮ ಕಡೆಯವರು ಅಲ್ಲಿ ಗಮನಿಸಬೇಕಾದ ಒಂದು ಸಂಗತಿ ಬಾವಿಗಳು. ಸುತ್ತ ಉಪ್ಪುನೀರು, ಕುಡಿಯಲು ಹನಿಯಿಲ್ಲ. ಅದಕ್ಕೆ ಅವರು ಪ್ರತಿ ಬೀದಿಯ ಚೌಕದ ಅಡಿಯಲ್ಲಿ ಜೇಡಿಮಣ್ಣು ಮೆತ್ತಿದ ದೊಡ್ಡ ತೊಟ್ಟಿ ಮಾಡಿ, ಅದರಲ್ಲಿ ಮರಳು ತುಂಬಿ, ನಡುವೆ ಬಾವಿ ಕಟ್ಟಿದರು. ಚೌಕದ ಮೇಲೆ ಬಿದ್ದ ಮಳೆನೀರು ಮರಳಿನಲ್ಲಿ ಸೋಸಿ ಬಾವಿಗೆ ಇಳಿಯುತ್ತಿತ್ತು. 1884ರಲ್ಲಿ ಕೊಳವೆಯಲ್ಲಿ ನೀರು ಬರುವವರೆಗೆ ಆ ಶ್ರೀಮಂತ ನಗರ ಶತಮಾನಗಳ ಕಾಲ ಮಳೆನೀರನ್ನು ನೆಚ್ಚಿಕೊಂಡೇ ಬದುಕಿತು. ಮಳೆಕೊಯ್ಲಿನ ಬಗ್ಗೆ ನಮ್ಮ ಪಂಚಾಯಿತಿಯಲ್ಲಿ ಭಾಷಣ ಮಾಡುವವರು ಇದನ್ನು ಉದಾಹರಣೆ ಕೊಡಬಹುದು.

ಈಗ ಆ ಬಾವಿಗಳ ಬಾಯಿಗೆ ಮುಚ್ಚಳ ಬಿದ್ದಿದೆ. ನೀರು ಸೇದುವವರೂ ಇಲ್ಲ, ನೀರು ಸೇದುತ್ತಿದ್ದವರ ಮೊಮ್ಮಕ್ಕಳೂ ಇಲ್ಲ. 1951ರಲ್ಲಿ ವೆನಿಸ್‌ನ ಹಳೆಯ ನಗರದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ನೋಡಲು ಬರುವವರು ಮಾತ್ರ ವರ್ಷಕ್ಕೆ ಕೋಟಿಗೂ ಮಿಕ್ಕಿ. ರಿಯಾಲ್ಟೊ ಸೇತುವೆಯ ಹತ್ತಿರ ಒಂದು ಔಷಧಿ ಅಂಗಡಿಯಿದೆ. ಅದರ ಕಿಟಕಿಯಲ್ಲಿ 2008ರಿಂದ ಒಂದು ಫಲಕ ಇಟ್ಟಿದ್ದಾರೆ. ನಗರದಲ್ಲಿ ಇನ್ನು ಎಷ್ಟು ಜನ ನಿವಾಸಿಗಳು ಉಳಿದಿದ್ದಾರೆ ಎಂಬ ಲೆಕ್ಕ ಅದರಲ್ಲಿ ಕಾಣುತ್ತದೆ. ಯಾತ್ರಿಕರ ಗುಂಪು ಅದರ ಮುಂದೆಯೇ ಸೇತುವೆಯ ಫೋಟೊ ತೆಗೆಯಲು ಓಡುತ್ತಿರುತ್ತದೆ.

ಯಾಕೆ ಹೀಗಾಯಿತು? ಯಾರೂ ಯಾರನ್ನೂ ಓಡಿಸಲಿಲ್ಲ. ಸಂಸಾರಕ್ಕೆ ಮನೆ ಬಾಡಿಗೆಗೆ ಕೊಡುವುದಕ್ಕಿಂತ ಪ್ರವಾಸಿಗರಿಗೆ ಎರಡು ರಾತ್ರಿ ಕೊಟ್ಟರೆ ಹೆಚ್ಚು ಹಣ ಬಂತು. ತರಕಾರಿ ಅಂಗಡಿ ಇದ್ದಲ್ಲಿ ಮುಖವಾಡ ಮಾರುವ ಅಂಗಡಿ ಬಂತು. ಒಂದು ಲೀಟರ್ ಹಾಲಿಗೆ, ಒಂದು ಮೊಳೆಗೆ ದೂರ ಹೋಗಬೇಕಾಯಿತು. ಹುಡುಗರು ಕೆಲಸ ಹುಡುಕಿಕೊಂಡು ಆಚೆ ದಡದ ಮೆಸ್ತ್ರೆಗೆ ಹೋದರು. ನಗರದವರು ಕೈಕಟ್ಟಿ ಕುಳಿತಿಲ್ಲ. ಗೋಪುರಗಳಷ್ಟು ಎತ್ತರದ ಪ್ರವಾಸಿ ಹಡಗುಗಳು ನಗರದ ನಡುವಿನ ಕಾಲುವೆಗೆ ಬರುವುದನ್ನು 2021ರ ಆಗಸ್ಟ್‌ನಿಂದ ನಿಲ್ಲಿಸಿದರು. 2024ರ ಏಪ್ರಿಲ್ 25ರಿಂದ ಕೆಲವು ಗೊತ್ತಾದ ದಿನಗಳಲ್ಲಿ, ಹಗಲು ಬಂದು ಸಂಜೆಗೆ ಹೋಗುವವರಿಂದ 5 ಯೂರೊ ಪ್ರವೇಶ ಶುಲ್ಕ ತೆಗೆದುಕೊಳ್ಳತೊಡಗಿದರು. ರಾತ್ರಿ ತಂಗುವವರಿಗೆ ಈ ಶುಲ್ಕ ಇಲ್ಲ. ಸಮುದ್ರ ಉಕ್ಕಿ ಬಂದರೆ ತಡೆಯಲು 78 ಉಕ್ಕಿನ ಬಾಗಿಲುಗಳನ್ನೂ ಹಾಕಿದ್ದಾರೆ. 2020ರಿಂದ ಅವು ಕೆಲಸ ಮಾಡುತ್ತಿವೆ. ನೀರು ಬರುವುದನ್ನು ತಡೆಯಲು ಬಾಗಿಲು ಮಾಡಬಹುದು. ಜನ ಹೋಗುವುದನ್ನು ತಡೆಯುವ ಬಾಗಿಲನ್ನು ಇನ್ನೂ ಯಾರೂ ಮಾಡಿಲ್ಲ.

ಮೂರನೆಯದು ಬೆಟ್ಟ. ವೆನಿಸ್‌ನಿಂದ ಮಿಲಾನ್ ಮೇಲೆ ತಿರಾನೊ ಎಂಬ ಊರಿಗೆ ಬಂದು, ಅಲ್ಲಿ ಕೆಂಪು ಬಣ್ಣದ ಪುಟ್ಟ ರೈಲು ಹತ್ತಿದೆವು. ಅದು ಬೆರ್ನಿನಾ ಮಾರ್ಗ. 1910ರಲ್ಲಿ ಪೂರ್ತಿಯಾದದ್ದು, 2008ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 429 ಮೀಟರ್ ಎತ್ತರದ ತಿರಾನೊದಿಂದ ಹೊರಟು 2,253 ಮೀಟರಿಗೆ ಏರುತ್ತದೆ, ಅದೂ ಹಲ್ಲುಗಾಲಿಯ ಸಹಾಯವಿಲ್ಲದೆ. ಬೆಟ್ಟದ ಆಚೆಗೆ ಎಂಗದೀನ್ ಕಣಿವೆ, ಅದರ ಕೆಳಭಾಗದಲ್ಲಿ ಗುವಾರ್ದಾ ಎಂಬ ಹಳ್ಳಿ. ಜನ ಇನ್ನೂರಕ್ಕೂ ಕಡಿಮೆ. ದಪ್ಪ ಗೋಡೆಯ ಮನೆಗಳ ಮೇಲೆ ಸುಣ್ಣದ ಗಾರೆಯನ್ನು ಗೀರಿ ಬಿಡಿಸಿದ ಹೂವು, ಮೀನು, ನಕ್ಷತ್ರಗಳು. ಹಳೆಯ ಮನೆಗಳನ್ನು ಚೆನ್ನಾಗಿ ಉಳಿಸಿಕೊಂಡದ್ದಕ್ಕೆ 1975ರಲ್ಲಿ ಹಳ್ಳಿಗೆ ವಾಕರ್ ಪ್ರಶಸ್ತಿ ಬಂದಿದೆ.

ಅಲ್ಲಿ ಎದುರಾದವರು 'ಅಲ್ಲೇಗ್ರಾ' ಎಂದು ನಮಸ್ಕಾರ ಹೇಳುತ್ತಾರೆ. ಅದು ರೊಮಾನ್ಶ್ ಭಾಷೆ. ಲ್ಯಾಟಿನ್‌ನಿಂದ ಹುಟ್ಟಿದ್ದು. ಸ್ವಿಟ್ಜರ್ಲೆಂಡಿನಲ್ಲಿ ಇದನ್ನು ಮುಖ್ಯ ಭಾಷೆಯಾಗಿ ಆಡುವವರು ನೂರಕ್ಕೆ ಅರ್ಧ ಜನ ಮಾತ್ರ. 1938ರ ಫೆಬ್ರುವರಿ 20ರಂದು, ಇದನ್ನು ರಾಷ್ಟ್ರೀಯ ಭಾಷೆ ಎನ್ನಬೇಕೇ ಎಂದು ದೇಶದಲ್ಲಿ ಮತಕ್ಕೆ ಹಾಕಿದರು. ಮತ ಹಾಕಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಹೌದು ಎಂದರು. ಅವರಲ್ಲಿ ಬಹುತೇಕರಿಗೆ ಆ ಭಾಷೆಯ ಒಂದು ವಾಕ್ಯವೂ ಬರುತ್ತಿರಲಿಲ್ಲ.

ಈ ಚಿಕ್ಕ ಭಾಷೆಯಲ್ಲೂ ಬರವಣಿಗೆಯ ಐದು ರೂಪಗಳಿವೆ, ಕಣಿವೆಗೊಂದು. 1982ರಲ್ಲಿ ಹೈನ್ರಿಖ್ ಶ್ಮಿಡ್ ಎಂಬ ಭಾಷಾತಜ್ಞರು ಎಲ್ಲರಿಗೂ ಹೊಂದುವ ಒಂದು ರೂಪವನ್ನು ರಚಿಸಿಕೊಟ್ಟರು. ಕಚೇರಿ ಕಾಗದಕ್ಕೆ ಅದು ಅನುಕೂಲವಾಯಿತು. ಆದರೆ ಶಾಲೆಯ ಪುಸ್ತಕಗಳನ್ನೂ ಅದೇ ರೂಪದಲ್ಲಿ ಅಚ್ಚು ಹಾಕಿಸಿದಾಗ ತಂದೆತಾಯಿಗಳು ಎದುರು ನಿಂತರು. ಮನೆಯಲ್ಲಿ ಅಜ್ಜಿ ಆಡುವ ಮಾತು ಪುಸ್ತಕದಲ್ಲಿ ಸಿಗಬೇಕು ಎಂಬುದು ಅವರ ಹಟ. 2011ರಲ್ಲಿ ಸರ್ಕಾರ ಮತ್ತೆ ಕಣಿವೆಯ ಮಾತುಗಳಲ್ಲೇ ಪುಸ್ತಕ ಮಾಡಿಸಲು ಒಪ್ಪಬೇಕಾಯಿತು. ಖರ್ಚು ಜಾಸ್ತಿ, ಮಕ್ಕಳು ಕೆಲವೇ. ಆದರೂ ಒಪ್ಪಿದರು. ಶಿಕ್ಷಕಿಯಾಗಿ ನಾನು ಇದನ್ನು ಕೇಳಿ ಬಹಳ ಹೊತ್ತು ಯೋಚಿಸಿದೆ.

ಮಾರ್ಚ್ 1ರಂದು ಅಲ್ಲಿ ಚಲಂದಮಾರ್ಟ್ಸ್ ಎಂಬ ಹಬ್ಬ. ಶಾಲೆಯ ಮಕ್ಕಳು ಹಸುವಿನ ಗಂಟೆಗಳನ್ನು ಹೊತ್ತು ಬಾರಿಸುತ್ತ, ಹಾಡು ಹೇಳುತ್ತ ಬೀದಿ ಬೀದಿ ತಿರುಗಿ ಚಳಿಗಾಲವನ್ನು ಓಡಿಸುತ್ತಾರೆ. ಸುಗ್ಗಿ ಮೇಳ ಅಂಗಳಕ್ಕೆ ಬರುವುದನ್ನು ಕಂಡವರಿಗೆ ಇದು ತೀರ ಹೊಸದೇನಲ್ಲ. ಈ ಹಬ್ಬದ ಮೇಲೆ ಸೆಲಿನಾ ಖೋನ್ಸ್ ಬರೆದು ಅಲೋಯಿಸ್ ಕರಿಜಿಯೆಟ್ ಚಿತ್ರ ಬಿಡಿಸಿದ ಮಕ್ಕಳ ಪುಸ್ತಕ 1945ರಲ್ಲಿ ಬಂತು. ಚಿಕ್ಕ ಗಂಟೆ ಸಿಕ್ಕಿತೆಂದು ಬೇಸರಗೊಂಡ ಹುಡುಗ ದೊಡ್ಡ ಗಂಟೆ ತರಲು ಹಿಮದಲ್ಲಿ ಬೆಟ್ಟ ಹತ್ತುವ ಕತೆ. ಅದನ್ನು ಓದಿಯೇ ಗುವಾರ್ದಾಕ್ಕೆ ಬರುವ ಪ್ರವಾಸಿಗರಿದ್ದಾರೆ. ಆದರೂ ಆ ಗಂಟೆಗಳನ್ನು ಪ್ರವಾಸಿಗರಿಗಾಗಿ ಬಾರಿಸುವುದಿಲ್ಲ. ಮಾರ್ಚ್ ಒಂದು ಬಂತು, ಮಕ್ಕಳಿದ್ದಾರೆ, ಬಾರಿಸುತ್ತಾರೆ.

ಸ್ನೇಹಿತರೆ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಅತ್ಯಂತ ಚೆಂದದ ಕಟ್ಟಡಗಳು, ಅತ್ಯಂತ ಹೆಚ್ಚು ಹೊಗಳಿಕೆ ಇರುವುದು ವೆನಿಸ್‌ಗೆ. ಖಾಲಿಯಾಗುತ್ತಿರುವುದೂ ಅದೇ. ಹೊಗಳುವವರಿಂದ ಊರು ಉಳಿಯುವುದಿಲ್ಲ. ಅಲ್ಲಿ ಹಾಲು ಕೊಳ್ಳುವವರು, ಜಗಳವಾಡುವವರು, ಮಗುವನ್ನು ಶಾಲೆಗೆ ಕಳಿಸುವವರು ಇರಬೇಕು.

ನಮ್ಮಲ್ಲಿ ಮುಂದೆ ವಿದೇಶಕ್ಕೆ ಹೋಗುವವರಿಗೆ ನನ್ನ ಸಲಹೆ ಸರಳವಾದದ್ದು. ಊರುಗಳ ಸಂಖ್ಯೆ ಕಡಿಮೆ ಮಾಡಿ, ರಾತ್ರಿಗಳನ್ನು ಹೆಚ್ಚು ಮಾಡಿ. ಆಯಾ ಊರಿನ ಭಾಷೆಯ ನಾಲ್ಕು ಶಬ್ದ ಕಲಿತು ಹೋಗಿ, ಅಂಗಡಿಯವರ ಮುಖ ಅರಳುತ್ತದೆ. ಊರಿನವರೇ ನಡೆಸುವ ಅಂಗಡಿಯಲ್ಲಿ ಕೊಳ್ಳಿ. ಎಲ್ಲರೂ ಹೋಗುವ ಜುಲೈ, ಆಗಸ್ಟ್ ಬಿಟ್ಟು ಬೇರೆ ತಿಂಗಳು ಹೋಗಿ. ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಬೀದಿಯಲ್ಲಿ ಒಮ್ಮೆ ನಡೆದು ಬನ್ನಿ. ಮಕ್ಕಳು ಕಂಡರೆ ಆ ಊರಿಗೆ ಜೀವ ಇದೆ ಎಂದು ತಿಳಿಯಿರಿ.

ಇನ್ನು ಕೊನೆಯ ಮಾತು. ನಾವು ಓದುವಾಗ ಈ ಶಾಲೆಯಲ್ಲಿ ಎಂಟನೇ ತರಗತಿಗೆ ಎರಡು ವಿಭಾಗಗಳಿದ್ದವು, ಜಾಗ ಸಾಲದೆ ಜಗಲಿಯಲ್ಲೂ ಕೂರುತ್ತಿದ್ದೆವು. ಈಗ ಒಂದೇ ವಿಭಾಗ, ಅದರಲ್ಲೂ ಹಿಂದಿನ ಬೆಂಚುಗಳು ಖಾಲಿ. ಎರಡು ದಿನಗಳಿಂದ ಮೈದಾನದ ತುಂಬ ಕಾರುಗಳು ನಿಂತಿವೆ. ಎಲ್ಲರೂ ಹಳೆಯ ಗಂಟೆಯ ಮುಂದೆ, ಬಾವಿಕಟ್ಟೆಯ ಮುಂದೆ ಫೋಟೊ ತೆಗೆಸಿಕೊಂಡಿದ್ದೇವೆ, ನಾನೂ ತೆಗೆಸಿಕೊಂಡಿದ್ದೇನೆ. ನಾಳೆ ಸಂಜೆಯ ಹೊತ್ತಿಗೆ ಬಹುಪಾಲು ಕಾರುಗಳು ಬೆಂಗಳೂರು, ಹುಬ್ಬಳ್ಳಿ, ಮುಂಬಯಿ ದಾರಿ ಹಿಡಿಯುತ್ತವೆ. ಹೊಟ್ಟೆಪಾಡು, ಹೋಗಲೇಬೇಕು. ಎಲ್ಲರೂ ಕೆಲಸ ಬಿಟ್ಟು ಬಂದು ಊರಲ್ಲಿರಿ ಎಂದು ಹೇಳುವಷ್ಟು ದಡ್ಡಿ ನಾನಲ್ಲ.

ಆದರೆ ಇಷ್ಟನ್ನು ಕೇಳಬಹುದು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಹಗಲು ಬಂದು ಸಂಜೆಗೆ ಹೋಗಬೇಡಿ, ಎರಡು ರಾತ್ರಿ ನಿಲ್ಲಿ. ಶಾಲೆಯ ದಿನ ನೋಡಿ ಬನ್ನಿ, ಒಂದು ತರಗತಿಯಲ್ಲಿ ಒಂದು ಗಂಟೆ ಮಕ್ಕಳ ಜೊತೆ ಮಾತಾಡಿ, ನಿಮ್ಮ ಕೆಲಸ ಏನು ಎಂದು ಹೇಳಿ. ಮನೆ ಮಾರುವ ಯೋಚನೆ ಇದ್ದರೆ, ಊರಲ್ಲೇ ಇರುವ ಸಂಸಾರಕ್ಕೆ ಬಾಡಿಗೆಗೆ ಕೊಡಬಹುದೇ ಎಂದು ಮೊದಲು ನೋಡಿ. ನಿಮ್ಮ ಮಕ್ಕಳಿಗೆ ಊರಿನ ಮಾತು ಬರುವಂತೆ ನೋಡಿಕೊಳ್ಳಿ, ಅಜ್ಜಿಯ ಹತ್ತಿರ ಅವರು ಇಂಗ್ಲಿಷಿನಲ್ಲಿ ಮಾತಾಡುವ ಹಾಗಾಗದಿರಲಿ. ಊರಿನವರಿಗೂ ಒಂದು ಕೋರಿಕೆ: ನಿಮ್ಮ ಮಕ್ಕಳನ್ನು ದೂರದ ಶಾಲೆಯ ಹಳದಿ ಬಸ್ಸು ಹತ್ತಿಸುವ ಮೊದಲು ಈ ಶಾಲೆಯ ಒಳಗೆ ಒಮ್ಮೆ ಬಂದು, ಇಲ್ಲಿನ ಮಾಸ್ತರರ ಹತ್ತಿರ ಮಾತಾಡಿ ಹೋಗಿ.

ಐವತ್ತು ವರ್ಷ ಈ ಶಾಲೆಯನ್ನು ನಡೆಸಿದ್ದು ಇಲ್ಲಿಗೆ ಬಂದ ಮಕ್ಕಳು. ಅವರಿದ್ದರೆ ವಜ್ರ ಮಹೋತ್ಸವವೂ ಆದೀತು. ಆಗ ಈ ವೇದಿಕೆಯಲ್ಲಿ ನಿಂತು ಮಾತಾಡುವವರು ಇಂದು ಎದುರಿನ ಸಾಲಿನಲ್ಲಿ ಕುಳಿತು, ಇವರು ಯಾವಾಗ ಮುಗಿಸುತ್ತಾರೆ ಎಂದು ನನ್ನನ್ನು ನೋಡುತ್ತಿರುವ ಈ ಮಕ್ಕಳೇ ಆಗಿರಲಿ.