ಕೊಟ್ಟಿಗೆಯ ಟ್ಯೂಬ್‌ಲೈಟು: ತಿಳಿದು ಬದಲಾಯಿಸಿ

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೀಜ, ಗೊಬ್ಬರಗಳ ವಿಷಯದಲ್ಲಿ ನಾಲ್ಕು ಜನರನ್ನು ವಿಚಾರಿಸಿ ಮುಂದುವರಿಯುವ ರೈತರು, ದೀಪದ ಮಾತು ಬಂದಾಗ ಅಂಗಡಿಯಲ್ಲಿ ಕೊಟ್ಟದ್ದನ್ನು ತಂದು ತಗಲುಹಾಕುವುದು ವಾಡಿಕೆ. ಆದರೆ ಹಸು ಕರೆಯುವುದು ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ. ನೆಲ ಒದ್ದೆ, ಕಾಲು ಬರಿಗಾಲು. ಇಂಥಲ್ಲಿ ದೀಪದ ಜೋಡಣೆಯಲ್ಲಿ ಆಗುವ ಚಿಕ್ಕ ತಪ್ಪು ಮನುಷ್ಯರ ಅಥವಾ ದನದ ಪ್ರಾಣಕ್ಕೆ ಎರವಾಗಬಹುದು.

ಟ್ಯೂಬು ಬೆಳಗುವ ಬಗೆ

ಟ್ಯೂಬಿನ ಒಳಗೆ ಆರ್ಗಾನ್ ಅನಿಲವೂ ಕೆಲವು ಮಿಲಿಗ್ರಾಂ ಪಾದರಸವೂ ಇರುತ್ತವೆ. ಎರಡು ತುದಿಗಳಲ್ಲಿ ತಂತಿಯ ಸುರುಳಿಗಳಿವೆ. ಸ್ವಿಚ್ ಹಾಕಿದಾಗ ಸ್ಟಾರ್ಟರ್ ಮೂಲಕ ವಿದ್ಯುತ್ ಹರಿದು ಸುರುಳಿಗಳು ಕಾಯುತ್ತವೆ. ಸ್ಟಾರ್ಟರ್ ಬಿಟ್ಟುಕೊಂಡ ಕ್ಷಣದಲ್ಲಿ ಚೋಕು ಹೆಚ್ಚಿನ ವೋಲ್ಟೇಜನ್ನು ತಳ್ಳಿ ಟ್ಯೂಬು ಹತ್ತಿಕೊಳ್ಳುವಂತೆ ಮಾಡುತ್ತದೆ. ಅನಂತರ ವಿದ್ಯುತ್ ಮಿತಿ ಮೀರದಂತೆ ಹಿಡಿದಿಡುತ್ತದೆ. ಪಾದರಸದ ಆವಿಯಿಂದ ಹೊರಡುವ ಅತಿನೇರಿಳೆ ಕಿರಣ ಕಣ್ಣಿಗೆ ಕಾಣದು. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಬೆಳಕಾಗಿ ಮಾರ್ಪಡಿಸುತ್ತದೆ.

ಇಷ್ಟು ತಿಳಿದರೆ ದೋಷ ಹುಡುಕುವುದು ಸುಲಭ. ತುದಿಗಳು ಕಪ್ಪಾಗಿದ್ದರೆ ಸುರುಳಿ ಸವೆದಿದೆ ಎಂದು ಅರ್ಥ. ತುದಿಗಳು ಮಾತ್ರ ಕೆಂಪಗೆ ಉರಿಯುತ್ತಿದ್ದರೆ ಸಾಮಾನ್ಯವಾಗಿ ಸ್ಟಾರ್ಟರ್ ಕೆಟ್ಟಿರುತ್ತದೆ. ವೋಲ್ಟೇಜು ಬಹಳ ಇಳಿದಾಗ ಟ್ಯೂಬು ಮಿಟುಕುತ್ತಲೇ ಇರುತ್ತದೆ. ಪ್ರತಿ ಮಿಟುಕಿನಲ್ಲೂ ಸುರುಳಿ ಸವೆಯುವುದರಿಂದ ಅಂಥ ಹೊತ್ತಿನಲ್ಲಿ ಆರಿಸಿಬಿಡುವುದು ಲೇಸು.

ಬದಲಾವಣೆ ಏಕೆ?

ನಾಲ್ಕು ಅಡಿಯ ಹಳೆಯ ದಪ್ಪ ಟ್ಯೂಬು 40 ವ್ಯಾಟ್‌ನದು. ಚೋಕಿನಲ್ಲಿ ವ್ಯರ್ಥವಾಗುವುದನ್ನು ಸೇರಿಸಿದರೆ ಸುಮಾರು 52 ವ್ಯಾಟ್ ಆಗುತ್ತದೆ. ಇದರ ಕೆಲಸವನ್ನು 20 ವ್ಯಾಟ್‌ನ ಎಲ್.ಇ.ಡಿ. ಮಾಡಬಲ್ಲದು. ಉಳಿತಾಯ 32 ವ್ಯಾಟ್. ದಿನಕ್ಕೆ 6 ಗಂಟೆ ಉರಿಸಿದರೆ ವರ್ಷಕ್ಕೆ ಒಂದು ದೀಪದಿಂದ ಸುಮಾರು 70 ಯೂನಿಟ್ ಉಳಿಯುತ್ತದೆ. ಇದನ್ನು ಬಿಲ್ಲಿನಲ್ಲಿರುವ ದರದಿಂದ ಗುಣಿಸಿದರೆ ಹೊಸ ದೀಪದ ಬೆಲೆ ಎಷ್ಟು ದಿನದಲ್ಲಿ ಹುಟ್ಟುವುದೆಂಬುದು ತಿಳಿಯುತ್ತದೆ.

ಪಾದರಸದ ಬಳಕೆಯನ್ನು ತಗ್ಗಿಸಲು ಏರ್ಪಟ್ಟ ಮಿನಮಾಟ ಒಪ್ಪಂದಕ್ಕೆ ಭಾರತವು 2018ರಲ್ಲಿ ಸೇರಿತು. ಸಾಮಾನ್ಯ ಬೆಳಕಿಗೆ ಬಳಸುವ ಟ್ಯೂಬುಗಳ ತಯಾರಿಕೆ, ಆಮದು ಮತ್ತು ರಫ್ತು 2027ರ ಅಂತ್ಯದೊಳಗೆ ನಿಲ್ಲಬೇಕೆಂದು 2023ರಲ್ಲಿ ಆ ಒಪ್ಪಂದದ ದೇಶಗಳು ತೀರ್ಮಾನಿಸಿದವು. ಆದ್ದರಿಂದ ಹಳೆಯ ಪಟ್ಟಿಗೆ ಹೊಸ ಚೋಕು ಹಾಕಿಸಿ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಮೂರು ಬಗೆಯ ಬದಲಿಗಳು

1. ಹಳೆಯ ಪಟ್ಟಿ, ಚೋಕು ಹಾಗೆಯೇ ಇದ್ದು, ಸ್ಟಾರ್ಟರ್ ಬದಲು ಜೊತೆಗೆ ಬಂದ ತುಂಡನ್ನು ಹಾಕಿ ಜೋಡಿಸುವ ಎಲ್.ಇ.ಡಿ. ಟ್ಯೂಬು. ಕೆಲಸ ಸುಲಭ, ಆದರೆ ಚೋಕಿನ ನಷ್ಟ ಸ್ವಲ್ಪ ಉಳಿಯುತ್ತದೆ.

2. ಚೋಕು, ಸ್ಟಾರ್ಟರ್ ತೆಗೆದು ನೇರವಾಗಿ ತಂತಿ ಕೊಡುವ ಟ್ಯೂಬು. ಅಪಾಯವಿರುವುದು ಇಲ್ಲಿಯೇ. ಕೆಲವಕ್ಕೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಂದೇ ತುದಿಗೆ ಕೊಡಬೇಕು. ಕೆಲವಕ್ಕೆ ಒಂದೊಂದು ತುದಿಗೆ ಒಂದೊಂದು. ಎರಡನೆಯ ರೀತಿಯದರಲ್ಲಿ ಒಂದು ತುದಿಯನ್ನು ಸಿಕ್ಕಿಸಿದಾಗ ಕೈಯಲ್ಲಿರುವ ಇನ್ನೊಂದು ತುದಿಯ ಕಡ್ಡಿಗೆ ಕರೆಂಟು ಬಂದಿರಬಹುದು. ಒದ್ದೆ ನೆಲದಲ್ಲಿ ನಿಂತವರಿಗೆ ಇದು ಮಾರಕ. ಟ್ಯೂಬಿನ ಮೇಲೆ ಅಂಟಿಸಿದ ನಕ್ಷೆಯನ್ನು ನೋಡದೆ ತಂತಿ ಮುಟ್ಟಬಾರದು.

3. ದೀಪವೂ ಪಟ್ಟಿಯೂ ಒಂದೇ ಆಗಿರುವ ಎಲ್.ಇ.ಡಿ. ಪಟ್ಟಿ. ಕೊಟ್ಟಿಗೆಗೆ ಇದೇ ಉತ್ತಮ. ಗಂಜಲದ ಆವಿ, ಧೂಳು, ತೊಳೆಯುವ ನೀರು ಒಳಗೆ ಹೋಗದಂತೆ 'ಐ.ಪಿ. 65' ಗುರುತಿರುವುದನ್ನು ಆರಿಸಬೇಕು. ಹಳ್ಳಿಯ ವೋಲ್ಟೇಜು ಏರಿಳಿಯುವುದರಿಂದ, ಕೆಲಸ ಮಾಡುವ ವೋಲ್ಟೇಜಿನ ವ್ಯಾಪ್ತಿ ಹೆಚ್ಚಿರುವುದನ್ನೇ ಕೊಳ್ಳಬೇಕು.

ಯಾವುದೇ ಬಗೆಯಾದರೂ ಗೋಡೆಯ ಸ್ವಿಚ್ಚನ್ನು ನಂಬಬಾರದು. ಎಷ್ಟೋ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಜೋಡಿಸಿರುತ್ತಾರೆ. ದೀಪ ಆರಿದರೂ ತಂತಿಯಲ್ಲಿ ಕರೆಂಟು ಇರುತ್ತದೆ. ಮೈನ್ ಸ್ವಿಚ್ ತೆಗೆದು, ಟೆಸ್ಟರ್‌ನಿಂದ ಪರೀಕ್ಷಿಸಿ, ಒಣ ಮರದ ಸ್ಟೂಲಿನ ಮೇಲೆ ನಿಂತು, ಬಲ್ಲವರಿಂದಲೇ ಕೆಲಸ ಮಾಡಿಸತಕ್ಕದ್ದು. ಕೊಟ್ಟಿಗೆಯ ಲೈನಿಗೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಇರಲೇಬೇಕು.

ಮೇವು ಕತ್ತರಿಸುವ ಯಂತ್ರದ ಬಳಿ

ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಇದು ತಿಳಿಯದು. ಆದರೆ ತಿರುಗುವ ಚಕ್ರ ಕೆಲವು ವೇಗಗಳಲ್ಲಿ ನಿಂತಂತೆಯೋ ನಿಧಾನವಾದಂತೆಯೋ ತೋರುತ್ತದೆ. ಅಗ್ಗದ ಎಲ್.ಇ.ಡಿ.ಗಳಲ್ಲೂ ಈ ದೋಷ ಉಂಟು. ಕಣ್ಣನ್ನು ನಂಬಿ ಮೇವಿಗೆ ಕೈ ಹಾಕಬಾರದು; ಪ್ಲಗ್ ಕಿತ್ತು, ಚಕ್ರ ನಿಂತ ಮೇಲೆಯೇ ಮುಟ್ಟಬೇಕು.

ಹಳೆಯ ಟ್ಯೂಬನ್ನು ಏನು ಮಾಡಬೇಕು?

ಕೆಟ್ಟ ಟ್ಯೂಬನ್ನು ತಿಪ್ಪೆಗೆ ಎಸೆಯುವುದು ದೊಡ್ಡ ತಪ್ಪು. ಗಾಜಿನ ಚೂರು ಮತ್ತು ಪಾದರಸ ಗೊಬ್ಬರದೊಡನೆ ಹೊಲ ಸೇರುತ್ತವೆ. ಕೆರೆಯ ನೀರಿಗಿಳಿದ ಪಾದರಸ ಮೀನಿನ ಮೂಲಕ ಊಟದ ತಟ್ಟೆಗೂ ಬರಬಹುದು. ಮಕ್ಕಳು ಇದನ್ನು ಒಡೆದು ಆಡದಂತೆ ನೋಡಿಕೊಳ್ಳಬೇಕು.

ಒಡೆದುಹೋದರೆ ಹೀಗೆ ಮಾಡಬೇಕು:

1. ಬಾಗಿಲು ಕಿಟಕಿ ತೆರೆದು, ಜನ, ದನಗಳನ್ನು ಹೊರಗೆ ಕಳಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು.
2. ಪೊರಕೆಯಿಂದ ಗುಡಿಸಬಾರದು, ಪುಡಿ ಹರಡುತ್ತದೆ. ಕೈಚೀಲ ಧರಿಸಿ, ದಪ್ಪ ರಟ್ಟಿನಿಂದ ಚೂರುಗಳನ್ನು ಎತ್ತಬೇಕು; ಉಳಿದ ಪುಡಿಯನ್ನು ಅಂಟುಪಟ್ಟಿ ಮತ್ತು ಒದ್ದೆ ಕಾಗದದಿಂದ ತೆಗೆಯಬೇಕು.
3. ಎಲ್ಲವನ್ನೂ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಬೇಕು.
4. ಗೋದಲಿಯಲ್ಲಿ ಬಿದ್ದಿದ್ದರೆ ಆ ಮೇವನ್ನು ದನಕ್ಕೆ ಹಾಕಬಾರದು.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಪಾದರಸದ ದೀಪಗಳೂ ಸೇರಿವೆ. ಕೆಟ್ಟ ಟ್ಯೂಬುಗಳನ್ನು ಹಳೆಯ ರಟ್ಟಿನ ಕೊಳವೆಯಲ್ಲೇ ಒಡೆಯದಂತೆ ಇಟ್ಟು, ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸಬೇಕು. ಹತ್ತು ಮನೆಯವರು ಒಟ್ಟುಗೂಡಿ ಒಂದೇ ಸಲ ಸಾಗಿಸಿದರೆ ಖರ್ಚು ಕಡಿಮೆ. ಹಾಲು ಉತ್ಪಾದಕರ ಸಂಘಗಳು ಈ ಕೆಲಸವನ್ನು ಕೈಗೆತ್ತಿಕೊಂಡರೆ ಊರಿಗೇ ಉಪಕಾರ.

ಮನೆಯ ಎಲ್ಲ ದೀಪಗಳನ್ನು ಒಂದೇ ದಿನ ಬದಲಾಯಿಸಬೇಕಾಗಿಲ್ಲ. ಹೆಚ್ಚು ಹೊತ್ತು ಉರಿಯುವ, ಹೆಚ್ಚು ಒದ್ದೆಯಾಗುವ ಕೊಟ್ಟಿಗೆಯಿಂದ ಆರಂಭಿಸಿದರೆ ಸಾಕು. ಅಲ್ಲಿ ಉಳಿಯುವ ಹಣಕ್ಕಿಂತ ಅಲ್ಲಿ ಹಾಲು ಕರೆಯುವವರ ಕ್ಷೇಮ ದೊಡ್ಡದು.