ಒಣಗಿದ ಎಲೆಯ ಸಾಕ್ಷಿ



ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೊರಟರೆ ದ್ರಾಕ್ಷಿ ಪಡಗಳದ್ದೇ ದರ್ಬಾರು. ಇಂದಿನ ಮಾತು ಮಾತ್ರ ಶೇಂಗಾದ್ದು. ಶೇಂಗಾ ಎಲೆಯ ಮೇಲೆ ಚುಕ್ಕೆ ಬಿದ್ದರೆ ‘ತಿಕ್ಕಾ ರೋಗ’ ಎಂದು ಔಷಧ ಹೊಡೆಯುತ್ತೇವೆ. ಹೊಡೆಯುವ ಮುನ್ನ ಒಂದು ಎಲೆ ಕಿತ್ತು ಹೊರಳಿಸಿ ನೋಡಿ. ಮೇಲ್ಬದಿಯಲ್ಲಿ ಕಂದು ಚುಕ್ಕೆ, ಸುತ್ತ ಹಳದಿ ಅಂಚು ಇದ್ದರೆ ಸಾಮಾನ್ಯವಾಗಿ ಅದು ಮೊದಲೇ ಬರುವ ಚುಕ್ಕೆ. ಕೆಳಬದಿ ಕಪ್ಪಗಿದ್ದು, ಬೆರಳಾಡಿಸಿದರೆ ತರಿತರಿ ಎನಿಸಿದರೆ ತಡವಾಗಿ ಬರುವ ಚುಕ್ಕೆ. ಎರಡಕ್ಕೂ ಕಾರಣ ಬೇರೆ ಬೇರೆ ಶಿಲೀಂಧ್ರ.

ಎರಡನೆಯದಕ್ಕೆ ವಿಜ್ಞಾನಿಗಳು 1875ರಲ್ಲೇ ಹೆಸರಿಟ್ಟಿದ್ದರು. ಮೊದಲನೆಯದಕ್ಕೆ ಜಪಾನಿನಲ್ಲಿ ಹೆಸರು ಬಿದ್ದದ್ದು 1917ರಲ್ಲಿ. ಅಮೆರಿಕದ ವಿಜ್ಞಾನಿ ನವೋಮಿ ವುಡ್ರೂಫ್ 1933ರಲ್ಲಿ ಎರಡರ ವ್ಯತ್ಯಾಸವನ್ನು ವಿವರವಾಗಿ ತೋರಿಸಿದರು. ಹಾಗಾದರೆ ಅದಕ್ಕೂ ಹಿಂದೆ ‘ತಿಕ್ಕಾ’ ಎಂದು ಬರೆದಿಟ್ಟದ್ದು ಯಾವ ರೋಗ? ಬರೀ ದಾಖಲೆ ಓದಿದರೆ ತಿಳಿಯದು. ಎಲೆಯನ್ನೇ ಒಣಗಿಸಿ ಇಟ್ಟಿದ್ದರೆ ತಿಳಿಯುತ್ತದೆ.

ಹೀಗೆ ಇಡುವ ಜಾಗವೇ ಹರ್ಬೇರಿಯಂ. ನಮ್ಮ ದೇಶದ ಶಿಲೀಂಧ್ರಗಳ ದೊಡ್ಡ ಹರ್ಬೇರಿಯಂ 1905ರಲ್ಲಿ ಬಿಹಾರದ ಪೂಸಾದಲ್ಲಿ, ಶಿಲೀಂಧ್ರ ವಿಜ್ಞಾನಿ ಇ. ಜೆ. ಬಟ್ಲರ್ ಅವರಿಂದ ಶುರುವಾಯಿತು. 1934ರ ಭೂಕಂಪದಲ್ಲಿ ಪೂಸಾದ ಕಟ್ಟಡ ಹಾಳಾದ ಮೇಲೆ ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ 1936ರಲ್ಲಿ ದೆಹಲಿಗೆ ಬಂತು. ಇಂದು ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿರುವ ಈ ಸಂಗ್ರಹದಲ್ಲಿ ಹತ್ತಾರು ಸಾವಿರ ಮಾದರಿಗಳಿವೆ.

ಹಳೆಯ ಚುಕ್ಕೆಯಿಂದ ಚೂರು ಕೆರೆದು, ನೀರಲ್ಲಿ ನೆನೆಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೀಜಕಣಗಳು ಕಾಣುತ್ತವೆ. ಉದ್ದಕ್ಕೆ, ತೆಳ್ಳಗೆ, ಬಣ್ಣವಿಲ್ಲದಂತಿದ್ದರೆ ಮೊದಲ ರೋಗ. ಮೊಂಡಾಗಿ, ದಪ್ಪಗೆ, ಕಂದುಹಸಿರು ಇದ್ದರೆ ಎರಡನೆಯದು. ಈಗಂತೂ ಡಿಎನ್‌ಎ ಕೂಡ ತೆಗೆಯಬಹುದು. 1840ರ ದಶಕದಲ್ಲಿ ಐರ್ಲೆಂಡನ್ನು ಹಸಿವಿಗೆ ದೂಡಿದ ಆಲೂಗಡ್ಡೆ ಅಂಗಮಾರಿಯ ತಳಿಯನ್ನು 2013ರಲ್ಲಿ ಗುರುತಿಸಿದ್ದು ಹೀಗೆ ಕಾದಿಟ್ಟ ಎಲೆಗಳಿಂದಲೇ. ಹೆಸರು ಬದಲಾಗಬಹುದು, ಉಪಕರಣ ಹೊಸದಾಗಬಹುದು. ಎಲೆ ಇದ್ದರೆ ಮತ್ತೆ ಪರೀಕ್ಷೆಗೆ ಅವಕಾಶವಿದೆ.

ಬಬಲೇಶ್ವರದ ಹೊಲದ ಎಲೆಯೂ ಹೀಗೆ ಉಳಿಯಬಹುದು. ವಿಜಯಪುರದ ಕೃಷಿ ಕಾಲೇಜಿಗೆ ರೋಗದ ಎಲೆ ತೋರಿಸಲು ಒಯ್ಯುವಾಗ ಹಸಿ ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ, ಕೊಳೆಯುತ್ತದೆ. ಹಳೇ ಪೇಪರ್ ನಡುವೆ ಹರಡಿ ಮೇಲೆ ಭಾರ ಇಡಿ. ಪೇಪರ್ ತೇವವಾದರೆ ಬದಲಿಸಿ. ಬೆಳೆ, ತಳಿ, ಊರು, ತಾರೀಕು ಚೀಟಿಯಲ್ಲಿ ಬರೆದು ಜೊತೆಗಿಡಿ. ಚೀಟಿ ಇಲ್ಲದ ಎಲೆಗೆ ಬೆಲೆಯಿಲ್ಲ.